ಟೆರೇಸಿನ ಆಂಟೆನಾ ಮತ್ತು ಸಾಯಂಕಾಲದ ಗೊರಗೊರ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕ, ರೇಡಿಯೊ ಸಿಗ್ನಲ್ ಕೇಳುವ ಹವ್ಯಾಸಕ್ಕೆ ನಾನು ಪಿವಿಸಿ ಪೈಪಿಗೆ ಕಟ್ಟಿ ನಿಲ್ಲಿಸಿರುವ ಆಂಟೆನಾ ಅದು. ಕೆಳಗೆ ಯಾರೋ 'ಇದರಲ್ಲಿ ಎಲ್ಲರ ಫೋನೂ ಕದ್ದು ಕೇಳಬಹುದಂತೆ, ಹೌದಾ?' ಎಂದು ಬರೆದಿದ್ದರು. ಅದಕ್ಕೆ ಎಂಟೋ ಹತ್ತೋ ಜನ ಕೈ ಮುಗಿಯುವ ಚಿತ್ರ ಹಾಕಿದ್ದರು, ಯಾಕಂತ ಅವರನ್ನೇ ಕೇಳಬೇಕು. ಮಾರನೇ ದಿನ ಸಂಘದ ಕಾರ್ಯದರ್ಶಿಗಳು ಮನೆಗೇ ಬಂದರು. ಕಾಫಿ ಕುಡಿದರು. 'ಸುಮ್ನೆ ಯಾಕೆ ಸಾರ್ ತಲೆನೋವು, ತೆಗೆದುಬಿಡಿ' ಅಂದರು.

ಊರಲ್ಲಿ ಇಂಥ ಕಡ್ಡಿ ನೆಟ್ಟುಕೊಂಡವನು ನಾನೊಬ್ಬನೇ ಅಲ್ಲ. ಬೇರೆ ಬಡಾವಣೆಗಳಲ್ಲೂ ಇದೇ ಮಾತು, ಇದೇ ಅನುಮಾನ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿ ನಿಮ್ಮ ಕೈಯಲ್ಲಿದೆ.

ಮೊದಲು ಫೋನ್ ವಿಷಯ ಮುಗಿಸಿಬಿಡುತ್ತೇನೆ. ಮೊಬೈಲ್ ಮಾತು ಗಾಳಿಯಲ್ಲಿ ಹೋಗುವುದು ಡಿಜಿಟಲ್ ಆಗಿ, ಅದೂ ಬೀಗ ಹಾಕಿಕೊಂಡು. ನನ್ನ ಪೆಟ್ಟಿಗೆಯಲ್ಲಿ ಅದು ಬರೀ ಅಗಲವಾದ ಒಂದು ಪಟ್ಟೆಯಾಗಿ ಕಾಣುತ್ತದೆ, ಕೇಳಿದರೆ ಮಳೆ ಸುರಿದ ಸದ್ದು, ಅಷ್ಟೇ. ಯಾರ ಮನೆಯ ಜಗಳವೂ ನನಗೆ ರೇಡಿಯೊದಲ್ಲಿ ಕೇಳಿಸುವುದಿಲ್ಲ. ಕೇಳಿಸುವುದಿದ್ದರೆ ಅದು ಕಿಟಕಿಯಿಂದ.

ನಾನು ಹನುಮಂತನಗರದವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ನಮ್ಮ ತಂದೆ ರೇಡಿಯೊ ಇಟ್ಟುಕೊಳ್ಳುವುದಕ್ಕೆ ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಲೈಸನ್ಸ್ ಹಣ ಕಟ್ಟಿಬರುತ್ತಿದ್ದರು. ಆ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿದೆ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು, ವಿಯು3 ಎಂದು ಶುರುವಾಗುವ ಕರೆಹೆಸರಿನ ಲೈಸನ್ಸ್ ತೆಗೆದುಕೊಂಡಿದ್ದೇನೆ. ಆದರೂ ಮಾತಾಡುವುದಕ್ಕಿಂತ ಕೇಳುವುದರಲ್ಲೇ ನನಗೆ ಖುಷಿ ಜಾಸ್ತಿ. ಅದರಲ್ಲೂ ಯಾವುದೆಂದು ತಿಳಿಯದ ಸಿಗ್ನಲ್ ಒಂದು ಸಿಕ್ಕಿದರೆ ಅದರ ಬುಡ ಹುಡುಕುವ ತನಕ ನಿದ್ದೆ ಬರುವುದಿಲ್ಲ.

ಸಾಮಾನು ದುಬಾರಿ ಏನಲ್ಲ. ಪೆನ್ ಡ್ರೈವ್ ಥರ ಕಾಣುವ ಒಂದು ಡಾಂಗಲ್, ಹಳೇ ಲ್ಯಾಪ್‌ಟಾಪ್, ಒಂದು ಆಂಟೆನಾ. ಆ ಡಾಂಗಲ್ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಟಿವಿ ನೋಡುವುದಕ್ಕೆ. ಒಳಗಿರುವ ಚಿಪ್ಪಿನ ಹೆಸರು ಆರ್‌ಟಿಎಲ್2832ಯು. 2012ರ ಹೊತ್ತಿಗೆ ಹವ್ಯಾಸಿಗಳು ಅದನ್ನು ಕೆದಕಿ ನೋಡಿ, ಟಿವಿಯಷ್ಟೇ ಅಲ್ಲ, ಸುಮಾರು 24ರಿಂದ 1,766 ಮೆಗಾಹರ್ಟ್ಸ್ ತನಕ ಏನು ಬೇಕಾದರೂ ಹಿಡಿಯಬಹುದು ಎಂದು ಕಂಡುಕೊಂಡರು. ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಸ್ ಅಗಲದ ಆಕಾಶ ಪರದೆ ಮೇಲೆ ಕಾಣುತ್ತದೆ, ಮೇಲಿಂದ ಕೆಳಗೆ ನೀರು ಇಳಿದ ಹಾಗೆ. ಅದಕ್ಕೆ ನಾವು ವಾಟರ್‌ಫಾಲ್ ಅನ್ನುತ್ತೇವೆ. ಸಿಗ್ನಲ್ ಇದ್ದ ಕಡೆ ಹಳದಿ ಗೆರೆ, ಇಲ್ಲದ ಕಡೆ ನೀಲಿ.

ಸ್ವಲ್ಪ ದಿನ ನೋಡಿದರೆ ಊರಿನ ರಸ್ತೆಗಳ ಹಾಗೆ ಇದೂ ಪರಿಚಯವಾಗುತ್ತದೆ. 88ರಿಂದ 108 ಎಫ್‌ಎಂ, ಅದು ಎಲ್ಲರಿಗೂ ಗೊತ್ತು. 118ರಿಂದ 137ರ ತನಕ ವಿಮಾನದವರ ಮಾತು, ಅವರು ಇವತ್ತಿಗೂ ಹಳೇ ಎಎಂ ಪದ್ಧತಿಯನ್ನೇ ಬಿಟ್ಟಿಲ್ಲ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾಗಿರುವವನ ದನಿ ಮಾತ್ರ ಉಳಿದು ಇನ್ನೊಬ್ಬ ಪತ್ತೆಯೇ ಇಲ್ಲದ ಹಾಗೆ ಆಗುತ್ತಾನೆ, ಎಎಂನಲ್ಲಿ ಇಬ್ಬರೂ ಸೇರಿ ಕೀಂಯ್ ಎಂದು ಕೂಗುತ್ತದೆ, ಇನ್ನೊಂದು ವಿಮಾನವೂ ಕರೆಯುತ್ತಿದೆ ಎಂದು ಕಂಟ್ರೋಲ್ ಟವರಿನವರಿಗೆ ಅದರಿಂದಲೇ ತಿಳಿಯುತ್ತದೆ. 144ರಿಂದ 146 ನಮ್ಮ ಹ್ಯಾಮ್‌ಗಳ ಜಾಗ. 1090ರಲ್ಲಿ ಪ್ರತಿ ವಿಮಾನವೂ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಒದರುತ್ತಲೇ ಇರುತ್ತದೆ. ದೇವನಹಳ್ಳಿ ಕಡೆಗೆ ಇಳಿಯುತ್ತಿರುವುದನ್ನು ಮೊಮ್ಮಗಳು ಲ್ಯಾಪ್‌ಟಾಪ್‌ನಲ್ಲಿ ನೋಡಿ ಎಣಿಸುತ್ತಾಳೆ.

ಇದೆಲ್ಲ ಗೊತ್ತಿರುವುದು. ಗೊತ್ತಿಲ್ಲದ್ದು ಬಂದಾಗ ಮೊದಲು ಅನುಮಾನ ಪಡಬೇಕಾದ್ದು ನಮ್ಮನ್ನೇ. ಶುರುವಿನಲ್ಲಿ ಒಂದು ವಾರ 144.000ದಲ್ಲಿ ಹಗಲೂ ರಾತ್ರಿ ನಿಂತೇ ಇರುವ ಒಂದು ಸಿಗ್ನಲ್ ಹಿಂದೆ ಬಿದ್ದಿದ್ದೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದೆ. ಕೊನೆಗೆ ಏನೋ ತೋಚಿ ಆಂಟೆನಾ ಕಿತ್ತುಹಾಕಿ ನೋಡಿದರೆ ಸಿಗ್ನಲ್ ಹಾಗೇ ಇದೆ! ಡಾಂಗಲ್ ಒಳಗೆ ತಾಳ ಹಾಕುವ ಕ್ರಿಸ್ಟಲ್ ಹರಳು 28.8 ಮೆಗಾಹರ್ಟ್ಸ್‌ನದು, ಅದನ್ನು ಐದರಿಂದ ಗುಣಿಸಿ ನೋಡಿ. ನಾನು ಒಂದು ವಾರ ನನ್ನ ಡಾಂಗಲ್ಲನ್ನೇ ಪತ್ತೇದಾರಿ ಮಾಡಿದ್ದೆ.

ಇನ್ನೊಂದು ಸಲ 116.9ರಲ್ಲಿ ಸಿನಿಮಾ ಹಾಡು. ಅದು ವಿಮಾನಗಳಿಗೆ ದಾರಿ ತೋರಿಸುವ ಸಿಗ್ನಲ್‌ಗಳ ಜಾಗ, ಅಲ್ಲಿ ಹಾಡು ಹೇಗೆ? ಎದೆ ಧಸಕ್ ಅಂತು. 104ನ್ನು ಎರಡು ಪಟ್ಟು ಮಾಡಿ 91.1 ಕಳೆದರೆ 116.9. ಎರಡೂ ನಮ್ಮೂರಿನ ಜೋರಾದ ಎಫ್‌ಎಂ ಸ್ಟೇಷನ್‌ಗಳೇ. ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಮಟ್ಟ, ಜಾಸ್ತಿ ಇಟ್ಟಿದ್ದೆ, ಅವೆರಡೂ ನನ್ನ ಡಾಂಗಲ್ ಒಳಗೇ ಕಲಸಿಹೋಗಿ ಮೂರನೆಯದು ಹುಟ್ಟಿತ್ತು. ಗೇನ್ ಸ್ವಲ್ಪ ಇಳಿಸಿದೆ, ಹಾಡು ಮಾಯ. ನಿಜವಾದ ಸಿಗ್ನಲ್ ಹಾಗೆ ಏಕಾಏಕಿ ಮಾಯವಾಗುವುದಿಲ್ಲ, ನಿಧಾನಕ್ಕೆ ಕುಗ್ಗುತ್ತದೆ. 'ವಿಮಾನದ ಫ್ರೀಕ್ವೆನ್ಸಿಗೆ ಯಾರೋ ತೊಂದರೆ ಕೊಡುತ್ತಿದ್ದಾರೆ' ಎಂದು ಅವತ್ತೇ ನಿಮಗೆ ಬರೆದಿದ್ದರೆ ನನ್ನ ಮರ್ಯಾದೆ ಏನಾಗುತ್ತಿತ್ತು!

ಇನ್ನು ಅಸಲಿ ಕಥೆಗೆ ಬರುತ್ತೇನೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಿಂದ ನಮ್ಮ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದರಲ್ಲ, ಅದಕ್ಕೆ ಮೊದಲಿನಿಂದಲೂ ನಾನು ನಿಲ್ದಾಣದ ದನಿ ಬರುವ 145.800 ಮೆಗಾಹರ್ಟ್ಸ್ ಮೇಲೆ ಕಣ್ಣಿಟ್ಟಿದ್ದೆ. ನಿಲ್ದಾಣ ತಲೆ ಮೇಲೆ ಹಾದುಹೋಗುವುದೇ ಹತ್ತು ನಿಮಿಷ. ಬೆಳಿಗ್ಗೆ, ಮಧ್ಯಾಹ್ನ ಪರದೆ ಶುದ್ಧ ನೀಲಿ. ಸಾಯಂಕಾಲ ಆರೂಕಾಲಿಗೆ ಸರಿಯಾಗಿ ಆ ಜಾಗದ ಮೇಲೆಲ್ಲ ಹಳದಿ ಕಂಬಳಿ ಹೊದಿಸಿದ ಹಾಗೆ ಒಂದು ಗೊರಗೊರ ಸದ್ದು ಶುರು. ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ನಿಲ್ಲುತ್ತಿತ್ತು. ಶುಕ್ಲಾ ಅವರು ಮಾತಾಡಿದ್ದು ಮಧ್ಯಾಹ್ನ, ಬಚಾವ್.

ಗೆಳೆಯರೊಬ್ಬರು ಸ್ಯಾಟಲೈಟ್ ಇರಬೇಕು ಅಂದರು. ಸ್ಯಾಟಲೈಟ್ ಹತ್ತಿರ ಬರುವಾಗ ಫ್ರೀಕ್ವೆನ್ಸಿ ಸ್ವಲ್ಪ ಮೇಲೆ, ದೂರ ಹೋಗುವಾಗ ಕೆಳಗೆ ಜಾರುತ್ತದೆ, ಆಂಬುಲೆನ್ಸಿನ ಸೈರನ್ ಹಾಗೆ. ಇದು ಜಾರುತ್ತಿರಲಿಲ್ಲ, ನಾಲ್ಕು ಗಂಟೆ ಒಂದೇ ಕಡೆ ಕೂತಿರುತ್ತಿತ್ತು. ಇನ್ನೊಬ್ಬರು ಧ್ವನಿ ತಗ್ಗಿಸಿ 'ಮಿಲಿಟರಿಯವರದ್ದು, ಬಿಟ್ಟುಬಿಡಿ' ಅಂದರು. ನಮ್ಮೂರಲ್ಲಿ ತಿಳಿಯದ್ದೆಲ್ಲ ಮಿಲಿಟರಿಯವರದ್ದೇ.

ನಾನು ಗಡಿಯಾರ ಹಿಡಿದು ಕೂತೆ. ಹನ್ನೊಂದು ಸೆಕೆಂಡು ಗೊರಗೊರ, ಎರಡು ಸೆಕೆಂಡು ಪೂರ್ತಿ ಮೌನ, ಮತ್ತೆ ಹನ್ನೊಂದು ಸೆಕೆಂಡು. ಪ್ರತಿ ದಿನ ಇದೇ ಲೆಕ್ಕ. ಮಂಗಳವಾರ ಮಾತ್ರ ಇಲ್ಲ! ಎರಡು ಮಂಗಳವಾರ ನೋಡಿದೆ, ಮೂರನೇ ಮಂಗಳವಾರವೂ ಇಲ್ಲ. ವಾರಕ್ಕೊಂದು ದಿನ ರಜೆ ಹಾಕುವ ಸಿಗ್ನಲ್ ಅಂದರೆ ಅದರ ಹಿಂದೆ ಅಂಗಡಿ ಇರಬೇಕು, ಅಲ್ವಾ? ಒಂದು ದಿನ ಏಳು ಗಂಟೆಗೆ ಮಳೆ ಬಂದು ನಮ್ಮ ರಸ್ತೆಯ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಗೊರಗೊರವೂ ಅದೇ ಕ್ಷಣಕ್ಕೆ ನಿಂತಿತು. ಕರೆಂಟ್ ಬಂದಾಗ ಬಂತು. ಅಂದರೆ ಎಲ್ಲೋ ದೂರದ್ದಲ್ಲ, ನಮ್ಮ ಟ್ರಾನ್ಸ್‌ಫಾರ್ಮರಿನ ಕೆಳಗೇ ಇದೆ.

ಆಮೇಲೆ ದಿಕ್ಕು ಹುಡುಕುವ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಉಕ್ಕಿನ ಅಳತೆ ಟೇಪನ್ನು ಮೂರು ತುಂಡು ಮಾಡಿ, ಸುಮಾರು ಒಂದೊಂದು ಮೀಟರಿನವು, ಪಿವಿಸಿ ಪೈಪಿಗೆ ಅಡ್ಡಲಾಗಿ ಕಟ್ಟಿದರೆ ಒಳ್ಳೇ ಯಾಗಿ ಆಂಟೆನಾ ಆಗುತ್ತದೆ. ಬಾಗಿಲಲ್ಲಿ ತೂರುವಾಗ ಟೇಪ್ ಬಗ್ಗುತ್ತದೆ, ಹೊರಗೆ ಬಂದರೆ ನೆಟ್ಟಗಾಗುತ್ತದೆ, ಅದೇ ಅದರ ಅನುಕೂಲ. ಇದನ್ನು ಹಿಡಿದು ಒಂದು ಸುತ್ತು ತಿರುಗಿದರೆ ಯಾವ ಕಡೆ ಜೋರು ಎಂದು ತಿಳಿಯುತ್ತದೆ. ಮೊದಲು ನಮ್ಮ ಟೆರೇಸಿನಿಂದ ಒಂದು ಗೆರೆ. ರಾಮಾಂಜನೇಯ ಗುಡ್ಡ ಹತ್ತಿ ಅಲ್ಲಿಂದ ಒಂದು ಗೆರೆ. ಶ್ರೀನಗರ ಬಸ್ ಸ್ಟ್ಯಾಂಡಿನ ಹತ್ತಿರದಿಂದ ಇನ್ನೊಂದು. ಮೂರನ್ನೂ ಮ್ಯಾಪಿನ ಮೇಲೆ ಎಳೆದರೆ ಒಂದೇ ಚುಕ್ಕಿಯಲ್ಲಿ ಸೇರಬೇಕು. ಸೇರಲಿಲ್ಲ, ಯಾವತ್ತೂ ಸೇರುವುದಿಲ್ಲ, ಕಾಂಕ್ರೀಟ್ ಗೋಡೆಗಳಿಗೆ ತಾಗಿ ಸಿಗ್ನಲ್ ಚೆಂಡಿನ ಹಾಗೆ ಪುಟಿಯುತ್ತದೆ. ಆದರೆ ಸಣ್ಣ ತ್ರಿಕೋನ ಒಂದು ಬಿತ್ತು, ಅದರೊಳಗೆ ಮೂರು ಅಡ್ಡರಸ್ತೆ.

ಗುಡ್ಡದ ಮೇಲೆ ಒಬ್ಬ ಹುಡುಗ 'ಅಂಕಲ್, ಮೆಟ್ರೊ ಸರ್ವೆನಾ?' ಅಂದ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಜ್ಜಿ 'ಸೊಳ್ಳೆ ಓಡಿಸೋರು ಬಂದ್ರಾ' ಎಂದು ಬಾಯಿಗೆ ಸೆರಗು ಹಿಡಿದರು. ಆಟೊದವರೊಬ್ಬರು ಮಾತ್ರ ಐದು ನಿಮಿಷ ನಿಂತು ಪೂರ್ತಿ ಕೇಳಿಕೊಂಡು 'ಸಿಕ್ಕರೆ ನಂಗೂ ಹೇಳಿ ಸಾರ್' ಎಂದು ಹೋದರು.

ಅಡ್ಡರಸ್ತೆಗಳಲ್ಲಿ ಇನ್ನೊಂದು ಪೇಚು. ಹತ್ತಿರ ಹೋದ ಹಾಗೆ ಎಲ್ಲ ದಿಕ್ಕಿನಲ್ಲೂ ಒಂದೇ ಜೋರು, ಆಂಟೆನಾ ಎತ್ತ ತಿರುಗಿಸಿದರೂ ವ್ಯತ್ಯಾಸವೇ ಇಲ್ಲ. ಆಗ ಮಾಡಬೇಕಾದ್ದು ಎರಡು. ಒಂದು, ಯಾಗಿ ಬಿಟ್ಟು ಕೈರೇಡಿಯೊವನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ತಿರುಗುವುದು, ನಮ್ಮ ಮೈಯೇ ಅಡ್ಡ ಬಂದು ಸಿಗ್ನಲ್ ಕುಗ್ಗಿದಾಗ ಮೂಲ ಬೆನ್ನ ಹಿಂದೆ ಇದೆ ಎಂದು ಅರ್ಥ. ಇನ್ನೊಂದು, ಫ್ರೀಕ್ವೆನ್ಸಿಯಲ್ಲಿ ಮೇಲೆ ಹೋಗುವುದು. ಇಂಥ ಗೊರಗೊರ 145ರಲ್ಲಿ ನೂರಾರು ಅಡಿ ಹರಡಿದ್ದರೂ 400ರ ಮೇಲೆ ಸಣ್ಣಗಾಗಿ ಮೂಲದ ಹತ್ತಿರ ಮಾತ್ರ ಕೇಳುತ್ತದೆ. ನಾನು 430ಕ್ಕೆ ಇಟ್ಟುಕೊಂಡು ನಡೆದೆ. ಮೊದಲ ಅಡ್ಡರಸ್ತೆ ತಣ್ಣಗೆ, ಎರಡನೆಯದೂ ತಣ್ಣಗೆ. ಮೂರನೆಯದರ ಮೂಲೆಯಲ್ಲಿ ಗೊರ್ ಎಂದು ಎದ್ದಿತು. ತಲೆ ಎತ್ತಿದರೆ ಬೇಕರಿ. ಅದರ ನೆತ್ತಿಯ ಮೇಲೆ ಎಲ್‌ಇಡಿ ಬೋರ್ಡು, ಕೆಂಪು ಅಕ್ಷರ ಓಡುತ್ತಿದೆ: ಬಿಸಿ ಬಿಸಿ ಪಫ್ಸ್, ಖಾರಾ ಬನ್, ಆರ್ಡರ್ ಮೇಲೆ ಕೇಕ್ ಮಾಡಿಕೊಡಲಾಗುವುದು. ಓಡಿ ಮುಗಿದು ಎರಡು ಸೆಕೆಂಡು ಕತ್ತಲೆ, ಮತ್ತೆ ಬಿಸಿ ಬಿಸಿ ಪಫ್ಸ್. ಬಾಗಿಲ ಮೇಲೆ 'ಮಂಗಳವಾರ ರಜೆ'.

ಎರಡು ತಿಂಗಳಿಂದ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದದ್ದು ಪಫ್ಸ್ ಜಾಹೀರಾತನ್ನು!

ಬೋರ್ಡು ಒಂದು ನಿಮಿಷ ಆರಿಸಿ ಅಂದರೆ ಯಜಮಾನರು ಒಪ್ಪಲಿಲ್ಲ. 'ವ್ಯಾಪಾರದ ಟೈಮು ಸಾರ್. ನಿಮ್ಮ ರೇಡಿಯೊನೇ ಕೆಟ್ಟಿರಬೇಕು.' ನಾನು ಎರಡು ಖಾರಾ ಬನ್, ಒಂದು ದಿಲ್ ಪಸಂದ್ ತೆಗೆದುಕೊಂಡೆ. ತಿನ್ನುತ್ತಾ ಕೈರೇಡಿಯೊ ಸದ್ದು ಕೇಳಿಸಿದೆ. ಅಕ್ಷರ ನಿಂತಾಗ ಸದ್ದೂ ನಿಲ್ಲುವುದನ್ನು ಅವರೇ ಗಮನಿಸಿ ನಕ್ಕುಬಿಟ್ಟರು. ಸ್ವಿಚ್ ಆರಿಸಿದರು. ಸದ್ದು ಸತ್ತುಹೋಯಿತು. ಆಗ ಒಳಗಿಂದ ಅವರ ತಾಯಿ ಬಂದು, 'ಅದಕ್ಕೇ ನೋಡು, ಸಾಯಂಕಾಲ ಆದರೆ ನಮ್ಮ ರೇಡಿಯೊನೂ ಕರಕರ ಅಂತಿತ್ತು, ಕೆಟ್ಟೋಯ್ತು ಅಂತ ಅಟ್ಟಕ್ಕೆ ಹಾಕಿಸಿದೆಯಲ್ಲ' ಅಂದರು. ಆ ರೇಡಿಯೊವನ್ನು ಇಳಿಸಿ ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್‌ಗೆ ತಿರುಗಿಸಿದೆವು. ಚೆನ್ನಾಗೇ ಬಂತು. ಬೋರ್ಡು ಹಚ್ಚಿದರೆ ಕರಕರ, ಆರಿಸಿದರೆ ವಾರ್ತೆ.

ತಪ್ಪು ಬೋರ್ಡಿನ ಅಕ್ಷರದ್ದಲ್ಲ, ಅದಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ದು. ಈ ಪೆಟ್ಟಿಗೆಗಳು 230 ವೋಲ್ಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ 5 ವೋಲ್ಟಿಗೆ ಇಳಿಸುತ್ತವೆ. ಕತ್ತರಿಸಿದಾಗೆಲ್ಲ ಕಸ ಏಳುತ್ತದೆ, ವೈರುಗಳೇ ಆಂಟೆನಾ ಆಗಿ ಅದನ್ನು ಹರಡುತ್ತವೆ. ಕಸ ಹೊರಗೆ ಬಾರದ ಹಾಗೆ ತಡೆಯುವುದಕ್ಕೆ ಒಳಗೆ ಒಂದು ಸುರುಳಿ, ಎರಡು ಕೆಪಾಸಿಟರ್ ಇರಬೇಕು. ಬಿಚ್ಚಿ ನೋಡಿದರೆ ಸರ್ಕ್ಯೂಟ್ ಬೋರ್ಡಿನ ಮೇಲೆ ಅವುಗಳ ಜಾಗ ಗುರುತು ಹಾಕಿತ್ತು, ಸಾಮಾನು ಮಾತ್ರ ಇರಲಿಲ್ಲ. ಸುರುಳಿ ಕೂರಬೇಕಾದ ಕಡೆ ಒಂದು ತಂತಿ ಬೆಸುಗೆ ಹಾಕಿದ್ದರು. ಎಷ್ಟು ಉಳಿಸಿದರೋ ಮಾಡಿದವರು! ಎಸ್‌ಪಿ ರೋಡಿಗೆ ಹೋಗಿ ಅರ್ತಿಂಗ್ ಇರುವ ಒಳ್ಳೇ ಎಸ್‌ಎಂಪಿಎಸ್ ಒಂದು, ವೈರಿಗೆ ಹಾಕಲು ಕಸ ತಡೆಯುವ ಫೆರೈಟ್ ಉಂಗುರ ಎರಡು ತಂದೆವು. ಗೊರಗೊರ ಪೂರ್ತಿ ಹೋಗಲಿಲ್ಲ, ಮುಕ್ಕಾಲು ಪಾಲು ಹೋಯಿತು. ಬಾಹ್ಯಾಕಾಶ ನಿಲ್ದಾಣ ಈಗ ಸಾಯಂಕಾಲವೂ ಕೇಳುತ್ತದೆ.

ಸಂಪಾದಕರೇ, ನನ್ನ ದೂರು ಬೇಕರಿಯವರ ಮೇಲಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಬುಡ ಸಿಕ್ಕಿರುವ 'ಗೊತ್ತಿಲ್ಲದ' ಸಿಗ್ನಲ್‌ಗಳಲ್ಲಿ ಒಂದೂ ಗೂಢಚಾರರದ್ದಲ್ಲ. ಎಲ್‌ಇಡಿ ಟ್ಯೂಬು, ಮೊಬೈಲ್ ಚಾರ್ಜರು, ಸೆಟ್ ಟಾಪ್ ಬಾಕ್ಸಿನ ಅಡಾಪ್ಟರು, ಸೋಲಾರ್ ಇನ್ವರ್ಟರು, ಇವೇ. ಗೌರಿಬಿದನೂರಿನ ಹತ್ತಿರ ನಮ್ಮ ವಿಜ್ಞಾನಿಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳುವ ದೊಡ್ಡ ದೂರದರ್ಶಕ ಕಟ್ಟಿದರು. ಅದೇ ಕೆಲಸ ಇವತ್ತು ಹನುಮಂತನಗರದ ಟೆರೇಸಿನ ಮೇಲೆ ಮಾಡಿ ನೋಡಿ, ನಕ್ಷತ್ರ ಹಾಗಿರಲಿ, ಪಕ್ಕದ ಮನೆಯ ಬಲ್ಬು ಬಿಟ್ಟು ಬೇರೇನೂ ಕೇಳುವುದಿಲ್ಲ.

ಹುಡುಕುವ ಕಲೆ ತಿಳಿದವರು ಊರಿಗೆ ಬೇಕು ಕೂಡ. ವಿಮಾನ, ಹಡಗುಗಳ ಅಪಾಯದ ಬೀಕನ್‌ಗಳು 406 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತವೆ, ಸ್ಯಾಟಲೈಟ್ ಅದನ್ನು ಹಿಡಿಯುತ್ತದೆ, ಭಾರತದ ಪಾಲಿಗೆ ಆ ಸುದ್ದಿ ಬಂದು ಸೇರುವುದು ಇದೇ ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರಕ್ಕೆ. ಹಳೆಯ 121.5ರ ಬೀಕನ್‌ಗಳನ್ನು ಸ್ಯಾಟಲೈಟ್‌ಗಳು 2009ರ ಫೆಬ್ರವರಿ 1ರಿಂದ ಕೇಳುವುದನ್ನೇ ಬಿಟ್ಟಿವೆ. ಅಂಥದ್ದೊಂದು ಕೂಗಿದರೆ ಹತ್ತಿರದಲ್ಲಿ ಆಂಟೆನಾ ಹಿಡಿದು ತಿರುಗುವವನೇ ಗತಿ.

ಕಾನೂನು ವಿಷಯ ಮುಚ್ಚಿಡುವುದಿಲ್ಲ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಬೇರೆಯವರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ 3 ವರ್ಷದ ತನಕ ಜೈಲು, ಅಥವಾ 2 ಕೋಟಿ ರೂಪಾಯಿ ತನಕ ದಂಡ, ಅಥವಾ ಎರಡೂ. ಅದು ಸರಿಯಾಗೇ ಇದೆ. ನಮ್ಮಲ್ಲಿ ಒಂದು ಪದ್ಧತಿ ಇದೆ, ಸಿಗ್ನಲ್ ಯಾರದೆಂದು ತಿಳಿದ ಕ್ಷಣಕ್ಕೆ ಅಲ್ಲಿಂದ ಎದ್ದು ಬರಬೇಕು. ಪೊಲೀಸರದ್ದೋ ಆಂಬುಲೆನ್ಸಿನದ್ದೋ ಅಂದರೆ ಫ್ರೀಕ್ವೆನ್ಸಿ ಮುಂದೆ ಒಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ, ಕೂತು ಕೇಳುವುದಿಲ್ಲ, ರೆಕಾರ್ಡ್ ಮಾಡಿ ಹಂಚುವುದಂತೂ ಇಲ್ಲವೇ ಇಲ್ಲ. ಹಂಚುವ ಹುಡುಗರು ಇದ್ದಾರೆ, ಅವರಿಗೆ ಕಿವಿ ಹಿಂಡಿ ಹೇಳುವವರಲ್ಲಿ ನಾನೇ ಮೊದಲು.

ನಿಜವಾಗಿ ತೊಂದರೆ ಕೊಡುವವರು ಕೇಳುವವರಲ್ಲ, ತಿಳಿಯದೆ ಕೂಗುವವರು. ಆನ್‌ಲೈನ್‌ನಲ್ಲಿ ಆಟದ ಸಾಮಾನಿನ ಹಾಗೆ ವಾಕಿಟಾಕಿ ಸಿಗುತ್ತಿತ್ತು, 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದಕ್ಕೆ ನಿಯಮ ತಂದಿತು. ಲೈಸನ್ಸ್ ಬೇಡದ ವಾಕಿಟಾಕಿಗಳಿಗೆ ಅಂತಲೇ 446.0ರಿಂದ 446.2 ಜಾಗ ಇದೆ. ಆದರೂ ನಮ್ಮ 145ರಲ್ಲಿ ಒಂದು ದಿನ 'ಗೇಟ್ ನಂಬರ್ ಎರಡು, ಸ್ವಿಗ್ಗಿ ಬಂದಿದೆ, ಬಿಡಲಾ?' ಎಂದು ಕೇಳಿಬಂತು. ಹುಡುಕಿಕೊಂಡು ಹೋದೆ, ಒಂದು ಲೇಔಟಿನ ಸೆಕ್ಯುರಿಟಿಯವರು. ಪಾಪ, ಅವರಿಗೆ ಕೊಟ್ಟ ಸೆಟ್ ಅದು, ಅವರೇನು ಮಾಡಿಯಾರು. ಮೇಲ್ವಿಚಾರಕರಿಗೆ ಹೇಳಿದೆ. ಹದಿನೈದು ದಿನದಲ್ಲಿ ಬದಲಾಯಿಸಿದರು.

ನನ್ನ ಕೋರಿಕೆ ಎರಡು. ಬರೀ ಕೇಳುವ ಯಂತ್ರ ಇಟ್ಟುಕೊಂಡವರು ಏನು ಮಾಡಬಹುದು, ಏನು ಮಾಡಬಾರದು ಎಂದು ದೂರಸಂಪರ್ಕ ಇಲಾಖೆಯವರು ಕನ್ನಡದಲ್ಲಿ ಒಂದೇ ಒಂದು ಪುಟ ಹೊರಡಿಸಲಿ. ಇನ್ನು ಬಲ್ಬು, ಅಡಾಪ್ಟರು ಮಾರುವ ಕಡೆ ಈ ಕಸವನ್ನೂ ಅಳೆದು ನೋಡಲಿ, ಬೆಂಕಿ ಹತ್ತುತ್ತದೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಲದು. ಅಲ್ಲಿಯ ತನಕ ಓದುಗರು ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ಹಳೇ ಎಎಂ ರೇಡಿಯೊ ಇದ್ದರೆ ಸ್ಟೇಷನ್ ಇಲ್ಲದ ಕಡೆಗೆ ತಿರುಗಿಸಿ, ಸದ್ದು ಜೋರು ಮಾಡಿ, ಒಂದೊಂದೇ ಬಲ್ಬು, ಚಾರ್ಜರಿನ ಹತ್ತಿರ ಹಿಡಿಯಿರಿ. ಯಾವುದು ಜೋರಾಗಿ ಕಿರುಚುತ್ತದೋ ಅದನ್ನು ಮೊದಲು ಬದಲಾಯಿಸಿ.

ನಮ್ಮ ಸಂಘದ ಸಭೆ ಬರುವ ಭಾನುವಾರ ಇದೆ, ಆಂಟೆನಾ ವಿಷಯ ನಾಲ್ಕನೆಯದು, ಮೂರನೆಯದು ಲಿಫ್ಟಿನಲ್ಲಿ ನಾಯಿ. ಅಷ್ಟರೊಳಗೆ ಈ ಪತ್ರ ಪ್ರಕಟಿಸಿದರೆ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಅಂದ ಹಾಗೆ, ಆ ನೋಟಿಸ್ ಬೋರ್ಡಿನ ಮೇಲಿನ ಟ್ಯೂಬ್‌ಲೈಟೂ ನನ್ನ ಪಟ್ಟಿಯಲ್ಲಿದೆ.

ಇಂತಿ,
ನಿಮ್ಮ ಹಳೆಯ ಓದುಗ,
ಹನುಮಂತನಗರ, ಬೆಂಗಳೂರು